‘ಹಂಡ್ರೆಡ್’ ಮತ್ತು ‘ನೂಱು’: ತಿರುವೊಟ್ಟಿಯೂರಿನ ಒಂದು ಶಾಸನದ ಹಿನ್ನೆಲೆಯಲ್ಲಿ ಒಂದು ಸಂಖ್ಯಾವಾಚಕದ ವಿಚಾರ

ಚೆನ್ನೈ ಮಹಾನಗರದ ಉತ್ತರದ ಅಂಚಿನಲ್ಲಿ, ಕಡಲಿಗೆ ತಾಗಿಕೊಂಡಿರುವ ತಿರುವೊಟ್ಟಿಯೂರು ತಮಿಳು ಶೈವಪರಂಪರೆಯ ಪ್ರಾಚೀನ ಕ್ಷೇತ್ರಗಳಲ್ಲಿ ಒಂದು. ೨೦೧೧ರಲ್ಲಿ ಅದು ಚೆನ್ನೈ ಮಹಾನಗರಪಾಲಿಕೆಯ ಆಡಳಿತಕ್ಕೆ ಸೇರಿತು. ೧೯೧೨ರಲ್ಲಿ ಶಾಸನ ಇಲಾಖೆಯವರು ಇಲ್ಲಿನ ಶಿವಾಲಯದ ಶಾಸನಗಳನ್ನು ಬಹುಸಂಖ್ಯೆಯಲ್ಲಿ ಪ್ರತಿಮಾಡಿಕೊಂಡರು. ಪಲ್ಲವರಿಂದ ವಿಜಯನಗರದವರೆಗೆ ಹರಡಿರುವ ಈ ಶಾಸನರಾಶಿಯಲ್ಲಿ ಕನ್ನಡಿಗರ ಗಮನವನ್ನು ವಿಶೇಷವಾಗಿ ಸೆಳೆಯತಕ್ಕವು ‘ಕನ್ನರದೇವ’ನ ಆಳ್ವಿಕೆಯ ವರ್ಷಗಳನ್ನು ಹೇಳುವ ಶಾಸನಗಳು. ಈ ಕನ್ನರದೇವನು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ (೯೩೯–೯೬೭). ಇವುಗಳ ಪೈಕಿ ಅವನ ಇಪ್ಪತ್ತನೆಯ ವರ್ಷದ, ಎಂದರೆ ಸುಮಾರು ಕ್ರಿ.ಶ. ೯೫೯ರ, ಸಂಸ್ಕೃತ ಪದ್ಯಶಾಸನವೊಂದು ಪ್ರಸಿದ್ಧವಾದುದು. ವಿ. ರಾಘವನ್ ಅವರು ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ೨೭ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ.

ಶಾಸನದ ನಾಯಕ ಚತುರಾನನ ಪಂಡಿತ. ಈತನು ಮೂಲತಃ ಕೇರಳದವನು. ವಿದ್ಯಾಪಾರಂಗತನಾಗಿ ಚೋಳದೇಶಕ್ಕೆ ಬಂದು ಯುವರಾಜ ರಾಜಾದಿತ್ಯನ ಆಪ್ತ ಸಾಮಂತನಾದವನು. ತಕ್ಕೋಲದ ಕಾಳಗದಲ್ಲಿ ರಾಜಾದಿತ್ಯನು ಮಡಿದಾಗ ಒಡೆಯನೊಡನೆ ಸಾಯುವ ಅವಕಾಶ ತನಗೆ ದೊರೆಯಲಿಲ್ಲವೆಂಬ ನಿರ್ವೇದದಿಂದ ಲೌಕಿಕವನ್ನು ತೊರೆದು, ಗಂಗಾಸ್ನಾನ ಮಾಡಿ, ತಿರುವೊಟ್ಟಿಯೂರಿನಲ್ಲಿ ನಿರಂಜನಗುರುವಿನಿಂದ ದೀಕ್ಷೆ ಪಡೆದು ಮಠಾಧಿಪತಿಯಾದನು. ತನ್ನ ಜನ್ಮನಕ್ಷತ್ರವಾದ ಧನಿಷ್ಠೆಯ ದಿನ ದೇವರಿಗೆ ವಿಶೇಷ ಪೂಜೆ ನಡೆಯಬೇಕೆಂದು ಈತ ನರಸಿಂಹಮಂಗಲದ ಸಭೆಯವರಲ್ಲಿ ನೂರು ನಿಷ್ಕ ಚಿನ್ನವನ್ನು ಇರಿಸಿದನೆಂಬುದು ಶಾಸನದ ಪ್ರಯೋಜನಭಾಗ.

ಇಲ್ಲಿಯ ‘ನೂರು’ ಎಂಬ ಮಾತಿನ ಮೇಲೆ ಓದುಗರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದು ಸುಲಭವಾದ ಮಾತು. ಆದರೆ ಇದೇ ಕಾಳಗದಿಂದ ಹುಟ್ಟಿದ ಮತ್ತೊಂದು ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆ ಸುಲಭತೆ ಉಳಿಯದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ರಕ್ಷಿತವಾಗಿರುವ ಕನ್ನಡ ವೀರಗಲ್ಲು ಶಕ ೮೭೨ರದು. ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಯ ಕಥೆಯಿಂದಾಗಿ ಅದು ಶಾಲಾಪುಸ್ತಕಗಳಿಗೂ ಬಂದಿದೆ. ಚರಿತ್ರಕಾರನಿಗೆ ಮುಖ್ಯವಾದುದು ಅದರ ಇನ್ನೊಂದು ಭಾಗ. ತಕ್ಕೋಲದಲ್ಲಿ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಕೃಷ್ಣನು ಮೆಚ್ಚಿ ಕೊಟ್ಟ ನಾಡುಗಳ ಪಟ್ಟಿ ಅಲ್ಲಿದೆ: ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂಱು, ಪುರಿಗೆಱೆ ಮುನ್ನೂಱು, ಕಿಸುಕಾಡು ಎೞ್ಪತ್ತು, ಬಾಗೆನಾಡು ಎೞ್ಪತ್ತು. ಬೂತುಗನ ಭಟನಾದ ಮಣಲೇರನಿಗೆ ದೊರೆತುದು ಆತಕೂರು ಪನ್ನೆರಡು.

ಒಂದೇ ಕಾಳಗ, ಒಬ್ಬನೇ ಅರಸ, ಹತ್ತು ವರ್ಷಗಳ ಅಂತರ. ಸೋತ ಪಕ್ಷದವನು ಕಡಲತೀರದ ಮಠದಲ್ಲಿ ನೂರು ನಿಷ್ಕ ಇರಿಸಿದನು. ಗೆದ್ದ ಪಕ್ಷದವನಿಗೆ ಎರಡು ಮುನ್ನೂರುಗಳು ದೊರೆತವು. ಮೊದಲನೆಯ ನೂರು ಎಣಿಸಬಹುದಾದುದು. ಎರಡನೆಯ ನೂರು ಏನನ್ನು ಎಣಿಸುತ್ತದೆ? ಈ ಪ್ರಶ್ನೆ ಕನ್ನಡನಾಡಿನ ಆಡಳಿತಚರಿತ್ರೆಯಲ್ಲಿ ಹಳೆಯದು. ಇಂಗ್ಲಿಷಿನ ‘ಹಂಡ್ರೆಡ್’ ಎಂಬ ಪದದ ಚರಿತ್ರೆ ಈ ಪ್ರಶ್ನೆಗೆ ಅನಿರೀಕ್ಷಿತ ದಿಕ್ಕಿನಿಂದ ಬೆಳಕು ಬೀರಬಲ್ಲುದೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಇಂಗ್ಲಿಷರ ‘ಹಂಡ್ರೆಡ್’ ಒಂದು ಸಮಾಸಪದ. ಪ್ರಾಚೀನ ಇಂಗ್ಲಿಷಿನಲ್ಲಿ ನೂರಕ್ಕೆ ‘ಹುಂಡ್’ ಎಂದೇ ಹೆಸರಿತ್ತು. ಅದಕ್ಕೆ ಎಣಿಕೆ, ಲೆಕ್ಕ ಎಂಬ ಅರ್ಥದ ‘ರೆಡ್’ ಸೇರಿ ‘ಹುಂಡ್ರೆಡ್’ ಆಯಿತು. ಈ ‘ರೆಡ್’ ಲ್ಯಾಟಿನ್ನಿನ ‘ರಾತಿಯೊ’ ಎಂಬುದರ ಬಂಧು. ಆದುದರಿಂದ ಹಂಡ್ರೆಡ್ ಎಂದರೆ ಮೂಲದಲ್ಲಿ ನೂರು ಎನ್ನುವುದಕ್ಕಿಂತ ‘ನೂರರ ಎಣಿಕೆ’ ಎಂದು ಹೇಳುವುದು ಹೆಚ್ಚು ಸರಿ. ‘ಹುಂಡ್’ ಎಂಬ ಮೊದಲ ಭಾಗವು ಸಂಸ್ಕೃತದ ಶತ, ಅವೆಸ್ತದ ಸತೆಂ, ಗ್ರೀಕಿನ ಹೆಕತೋನ್, ಲ್ಯಾಟಿನ್ನಿನ ಕೆಂತುಂ ಇವುಗಳ ಸೋದರಪದ. ಇಂಡೋಯುರೋಪಿಯನ್ ಭಾಷೆಗಳನ್ನು ‘ಕೆಂತುಂ’ ವರ್ಗ, ‘ಸತೆಂ’ ವರ್ಗ ಎಂದು ಭಾಷಾವಿಜ್ಞಾನಿಗಳು ವಿಂಗಡಿಸಿದುದು ಈ ಒಂದೇ ಪದದ ಆಧಾರದ ಮೇಲೆ. ಇವೆಲ್ಲಕ್ಕೂ ಮೂಲವಾದ ರೂಪವು ‘ದಶ’ ಶಬ್ದದ ಮೂಲರೂಪಕ್ಕೆ ಸಂಬಂಧಿಸಿದುದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಹತ್ತು ಹತ್ತುಗಳ ಗುಂಪೇ ನೂರು.

ಲ್ಯಾಟಿನ್ ಶಾಖೆಯ ‘ಸೆಂಟ್’ ನಮ್ಮ ನೆಲದ ಅಳತೆಗೂ ಬಂದು ಕುಳಿತಿದೆ. ತಮಿಳುನಾಡಿನಲ್ಲಿಯೂ ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಎಕರೆಯ ನೂರನೆಯ ಭಾಗಕ್ಕೆ ಸೆಂಟ್ ಎನ್ನುತ್ತಾರೆ. ಇನ್ನು ನಾವು ನೂರು ವರ್ಷಕ್ಕೆ ಬಳಸುವ ‘ಶತಮಾನ’ ಎಂಬ ಪದ ವೈದಿಕ ವಾಙ್ಮಯದಲ್ಲಿ ಕಾಲವಾಚಕವೇ ಅಲ್ಲ. ನೂರು ಗುಲಗಂಜಿಯ ತೂಕದ ಚಿನ್ನದ ಹೆಸರು. ಚತುರಾನನನ ನಿಷ್ಕದ ಹಿರಿಯ ಒಡನಾಡಿ ಎಂದು ಅದನ್ನು ಕರೆಯಬಹುದು.

ಹಂಡ್ರೆಡ್ ಎಂಬುದು ಯಾವಾಗಲೂ ನೂರೇ ಆಗಿತ್ತೆ? ಆಗಿರಲಿಲ್ಲ. ಪ್ರಾಚೀನ ನಾರ್ಸ್ ಭಾಷೆಯ ‘ಹುಂದ್ರಾದ್’ ಎಂದರೆ ನೂರಿಪ್ಪತ್ತು. ಜರ್ಮಾನಿಕ್ ಜನರಲ್ಲಿ ಅರುವತ್ತರ ಬಳಿ ಎಣಿಕೆಯ ಒಂದು ಮುರಿವು ಇತ್ತು. ಅದರ ಇಮ್ಮಡಿಯಾದ ನೂರಿಪ್ಪತ್ತನ್ನು ‘ದೊಡ್ಡ ನೂರು’ ಎಂದು ಎಣಿಸುವ ಪದ್ಧತಿ ಇಂಗ್ಲೆಂಡಿನ ಮೀನಿನ ವ್ಯಾಪಾರದಲ್ಲಿ ಬಹುಕಾಲ ಉಳಿದಿತ್ತು. ಬ್ರಿಟಿಷರ ‘ಹಂಡ್ರೆಡ್‌ವೇಟ್’ ಎಂಬ ತೂಕ ಹೆಸರಿಗೆ ನೂರಾದರೂ ಅದರಲ್ಲಿ ೧೧೨ ಪೌಂಡುಗಳು. ‘ಥೌಸಂಡ್’ ಎಂಬ ಸಾವಿರದ ಪದವನ್ನೂ ‘ಉಬ್ಬಿದ ನೂರು’ ಎಂದು ವಿವರಿಸುವುದುಂಟು. ಹೀಗೆ ಪದವು ಒಂದೇ ಆಗಿದ್ದು ಅದರೊಳಗಿನ ಸಂಖ್ಯೆಯು ಎಣಿಸುವ ವಸ್ತುವಿಗೂ ಎಣಿಸುವ ಜನರಿಗೂ ತಕ್ಕಂತೆ ಹಿಗ್ಗುತ್ತ ಕುಗ್ಗುತ್ತ ಬಂದಿದೆ.

ಈ ಮುರಿವಿನ ಗುರುತು ಪ್ರಾಚೀನ ಇಂಗ್ಲಿಷಿನ ಸಂಖ್ಯಾಪದಗಳಲ್ಲಿಯೇ ಕಾಣುತ್ತದೆ. ಅರುವತ್ತರವರೆಗೆ ಹತ್ತುಗಳ ಹೆಸರು ಸರಳವಾಗಿದ್ದು, ಎಪ್ಪತ್ತರಿಂದ ಮುಂದಕ್ಕೆ ‘ಹುಂಡ್’ ಎಂಬ ಪೂರ್ವಪದ ಸೇರುತ್ತದೆ. ತೊಂಬತ್ತಕ್ಕೆ ಅವರು ‘ಹುಂಡ್‌ನಿಗೊಂಟಿಗ್’ ಎನ್ನುತ್ತಿದ್ದರು; ತೊಂಬತ್ತರ ಹೆಸರಿನೊಳಗೆ ನೂರು. ಆಧುನಿಕ ಇಂಗ್ಲಿಷಿನ ‘ನೈಂಟಿ’ಯಲ್ಲಿ ಅದು ಅಳಿಸಿಹೋಗಿದೆ.

ತೊಂಬತ್ತರ ಹೆಸರಿನೊಳಗೆ ನೂರು ಇರುವುದು ತಿರುವೊಟ್ಟಿಯೂರಿನ ತಮಿಳಿಗೆ ಅಪರಿಚಿತವಲ್ಲ. ತೊಂಡೈಮಂಡಲದ ದೇವಾಲಯಗಳ ಶಾಸನಗಳಲ್ಲಿ ನಂದಾದೀಪಕ್ಕಾಗಿ ಆಡುಗಳನ್ನು ಬಿಟ್ಟ ದತ್ತಿಗಳು ಹೇರಳವಾಗಿವೆ. ಒಂದು ದೀಪಕ್ಕೆ ಸಾಮಾನ್ಯವಾಗಿ ತೊಂಬತ್ತು ಅಥವಾ ತೊಂಬತ್ತಾರು ಆಡುಗಳು. ಸತ್ತವುಗಳ ಸ್ಥಾನಕ್ಕೆ ಮರಿಗಳು ಬರುವುದರಿಂದ ಅವನ್ನು ‘ಸಾಯದ, ಮುಪ್ಪಾಗದ’ ಹಿಂಡು ಎಂದು ಬಣ್ಣಿಸುತ್ತಾರೆ. ತಮಿಳಿನಲ್ಲಿ ಆ ತೊಂಬತ್ತು ‘ತೊಣ್ಣೂಱು’. ಇದರ ಉತ್ತರಪದ ಸ್ಪಷ್ಟವಾಗಿ ‘ನೂಱು’. ಒಂಬೈನೂರಕ್ಕೆ ‘ತೊಳ್ಳಾಯಿರಂ’, ಉತ್ತರಪದ ‘ಆಯಿರಂ’, ಎಂದರೆ ಸಾವಿರ. ಒಂಬತ್ತಕ್ಕೆ ‘ಒನ್ಪದು’; ಇದರ ಉತ್ತರಪದ ಹತ್ತು. ಮೂರು ಕಡೆಯೂ ಒಂಬತ್ತರ ಸ್ಥಾನವು ತನ್ನ ಮೇಲಿನ ಮೆಟ್ಟಿಲಿನ ಹೆಸರನ್ನು ಹೊತ್ತುಕೊಂಡಿದೆ. ಕನ್ನಡವು ಈ ಕ್ರಮವನ್ನು ಒಂಬತ್ತರಲ್ಲಿ ಮಾತ್ರ ಉಳಿಸಿಕೊಂಡಿದೆ. ನಮ್ಮ ‘ತೊಂಬತ್ತು’ ತನ್ನದೇ ದರ್ಜೆಯ ಪತ್ತನ್ನೂ, ‘ಒಂಬೈನೂರು’ ತನ್ನದೇ ದರ್ಜೆಯ ನೂರನ್ನೂ ಉತ್ತರಪದವಾಗಿ ಇರಿಸಿಕೊಂಡಿವೆ. ತೆಲುಗಿನ ‘ತೊಂಭೈ’ ಕನ್ನಡದ ದಾರಿಯದು. ಮಲಯಾಳವು ತಮಿಳಿನ ದಾರಿಯದು. ತೊಲ್ಕಾಪ್ಪಿಯಂ ಒಂಬತ್ತು ಮತ್ತು ಹತ್ತರ ಸಂಧಿಯಿಂದಲೇ ತೊಣ್ಣೂಱು ಸಿದ್ಧಿಸುವುದೆಂದು ವಿಧಿಸುತ್ತದೆ. ಅದು ವೈಯಾಕರಣರ ಯುಕ್ತಿ, ಪದದ ಚರಿತ್ರೆಯಲ್ಲ. ವಿಚಿತ್ರವೆಂದರೆ ತಮಿಳಿನ ಹಳೆಯ ಅಂಕಪದ್ಧತಿಯಲ್ಲಿ ಸೊನ್ನೆಯಿಲ್ಲ. ಹತ್ತು, ನೂರು, ಸಾವಿರಗಳಿಗೆ ಬೇರೆ ಬೇರೆ ಚಿಹ್ನೆಗಳಿವೆ. ತೊಂಬತ್ತನ್ನು ಬರೆಯುವಾಗ ಒಂಬತ್ತರ ಚಿಹ್ನೆಯ ಪಕ್ಕದಲ್ಲಿ ಹತ್ತರ ಚಿಹ್ನೆಯನ್ನಿಡುತ್ತಾರೆ. ಕಲ್ಲು ಒಂಬತ್ತು ಹತ್ತು ಎನ್ನುತ್ತದೆ, ನಾಲಗೆ ನೂರರ ಹೆಸರನ್ನು ಹೇಳುತ್ತದೆ.

ನೂಱು ಎಂಬ ಪದವು ದ್ರಾವಿಡ ಭಾಷೆಗಳಲ್ಲಿ ವ್ಯಾಪಕವಾದುದು. ತಮಿಳು, ಮಲಯಾಳ, ಹಳಗನ್ನಡಗಳಲ್ಲಿ ನೂಱು, ತುಳುವಿನಲ್ಲಿ ನೂದು, ತೆಲುಗಿನಲ್ಲಿ ‘ವಂದ’ದ ಜೊತೆಗೆ ನೂರು ಉಂಟು. ಆದರೆ ಒಂದು ಮೆಟ್ಟಿಲು ಮೇಲೇರಿದರೆ ಈ ಏಕತೆ ಮುರಿಯುತ್ತದೆ. ಕನ್ನಡದ ಸಾಸಿರವು ಸಹಸ್ರದ ತದ್ಭವ. ತಮಿಳಿನ ಆಯಿರವೂ ಅದೇ ಮೂಲದಿಂದ ಪ್ರಾಕೃತದ ಮುಖಾಂತರ ಬಂದುದೆಂದು ಬಹುಮಂದಿ ವಿದ್ವಾಂಸರ ಮತ. ತೆಲುಗಿನ ‘ವೇಯಿ’ ಬೇರೆ ನಿಂತಿದೆ. ಎಂದರೆ ದ್ರಾವಿಡರ ಸಮಾನ ಸ್ವತ್ತಾಗಿ ಉಳಿದುಬಂದಿರುವ ಸಂಖ್ಯಾಪದಗಳಲ್ಲಿ ನೂರೇ ಅತಿ ದೊಡ್ಡದು. ಎಣಿಕೆಯ ಅಂಚಿನಲ್ಲಿರುವ ಇಂತಹ ಪದವು ಖಚಿತ ಸಂಖ್ಯೆಯ ಜೊತೆಗೆ ‘ಬಹಳ’ ಎಂಬ ಅರ್ಥವನ್ನೂ ತಾಳುವುದು ಸಹಜ. ‘ನೂರಾರು ಜನ’, ‘ನೂರೆಂಟು ತಾಪತ್ರಯ’ ಎನ್ನುವಾಗ ಯಾರೂ ಎಣಿಸಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ನುಚ್ಚುನೂರು’ ಎಂಬಲ್ಲಿಯ ನೂರನ್ನು ಜನಸಾಮಾನ್ಯರು ನೂರು ಚೂರು ಎಂದು ತಿಳಿಯುವುದುಂಟು. ಆದರೆ ತಮಿಳಿನಲ್ಲಿ ಪುಡಿಮಾಡು, ಪುಡಿ, ಸುಣ್ಣ ಎಂಬ ಅರ್ಥಗಳ ‘ನೂಱು’, ತೆಲುಗಿನಲ್ಲಿ ಅರೆ ಎಂಬ ಅರ್ಥದ ‘ನೂರು’ ಇವೆ. ನಮ್ಮ ನುಡಿಗಟ್ಟಿನಲ್ಲಿರುವುದು ಈ ಪುಡಿಯ ನೂರೆಂದೇ ತೋರುತ್ತದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿಕೋಶವು (ಪರಿಷ್ಕೃತ ಆವೃತ್ತಿ ೧೯೮೪) ಈ ಎರಡನ್ನೂ ಬೇರೆ ಬೇರೆ ಉಲ್ಲೇಖಗಳಾಗಿಯೇ ಇರಿಸಿದೆ. ಪುಡಿಯ ಕಣಗಳಂತೆ ಎಣಿಸಲಾಗದುದು ನೂರು ಎಂಬ ವಿವರಣೆ ಮನಸ್ಸಿಗೆ ಹಿತವಾದರೂ ಅದಕ್ಕೆ ಬಲವಾದ ಆಧಾರವಿಲ್ಲ. ಸಂಖ್ಯಾಪದಗಳ ವಿಷಯದಲ್ಲಿ ಹಿತವಾದ ವಿವರಣೆಗಳನ್ನು ಸಂಶಯದಿಂದ ನೋಡುವುದೇ ಮೇಲು.

ಮತ್ತೆ ಇಂಗ್ಲೆಂಡಿಗೆ ಬರೋಣ. ಅಲ್ಲಿ ‘ಹಂಡ್ರೆಡ್’ ಎಂಬುದು ಸಂಖ್ಯೆ ಮಾತ್ರವಲ್ಲ, ಒಂದು ಆಡಳಿತ ಪ್ರದೇಶದ ಹೆಸರು ಕೂಡ. ಷೈರ್ ಎಂಬ ಜಿಲ್ಲೆಯ ಒಳಗೆ ಹಲವು ಹಂಡ್ರೆಡ್‌ಗಳು. ಪ್ರತಿಯೊಂದಕ್ಕೂ ತನ್ನದೇ ನ್ಯಾಯಸಭೆ. ಈ ಸಭೆ ನಾಲ್ಕು ವಾರಕ್ಕೊಮ್ಮೆ ಸೇರಬೇಕೆಂದೂ ಕಳ್ಳರ ಜಾಡು ಹಿಡಿಯುವುದು ಹಂಡ್ರೆಡ್ಡಿನ ಜನರ ಹೊಣೆಯೆಂದೂ ವಿಧಿಸುವ ಕಟ್ಟಳೆಯೊಂದು ಹತ್ತನೆಯ ಶತಮಾನದ ಮಧ್ಯಭಾಗದ್ದು. ಚತುರಾನನನ ಶಾಸನ ಹುಟ್ಟಿದ ೯೫೯ರಲ್ಲಿಯೇ ಎಡ್ಗರನು ಇಡೀ ಇಂಗ್ಲೆಂಡಿನ ಅರಸನಾದನು. ಇದು ಕಾಕತಾಳೀಯ, ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಆದರೆ ನಮ್ಮಲ್ಲಿ ಬೆಳ್ವೊಲ ಮುನ್ನೂಱು ಆಡಳಿತದ ವಾಸ್ತವವಾಗಿದ್ದ ಕಾಲದಲ್ಲಿಯೇ ಅಲ್ಲಿಯೂ ನೂರು ಎಂಬುದು ಆಡಳಿತದ ವಾಸ್ತವವಾಗಿತ್ತೆಂಬುದನ್ನು ತೌಲನಿಕ ಅಧ್ಯಯನಕ್ಕೆ ಬಳಸಿಕೊಳ್ಳಬಹುದು.

ಆ ಹಂಡ್ರೆಡ್ ಏನನ್ನು ಎಣಿಸುತ್ತಿತ್ತು? ನೂರು ‘ಹೈಡ್’ಗಳ ನೆಲವನ್ನು ಎಂಬುದು ಒಂದು ಉತ್ತರ. ಹೈಡ್ ಎಂದರೆ ಒಂದು ಕುಟುಂಬದ ನಿರ್ವಾಹಕ್ಕೆ ಸಾಕಾಗುವಷ್ಟು ಭೂಮಿ. ಮುಂದೆ ಅದು ತೆರಿಗೆಯ ಮಾನವಾಯಿತು. ನೂರು ಯೋಧರನ್ನು ಒದಗಿಸುವ ಪ್ರದೇಶ ಎಂಬುದು ಇನ್ನೊಂದು ಉತ್ತರ. ೧೦೮೬ರ ‘ಡೂಮ್ಸ್‌ಡೇ’ ಕಡತ ಇದ್ದುದರಿಂದ ಇಂಗ್ಲಿಷ್ ಚರಿತ್ರಕಾರರಿಗೆ ಇದನ್ನು ಪರೀಕ್ಷಿಸುವ ಭಾಗ್ಯ ದೊರೆಯಿತು. ಮಧ್ಯ ಇಂಗ್ಲೆಂಡಿನ ಕೆಲವು ಜಿಲ್ಲೆಗಳಲ್ಲಿ ಹಂಡ್ರೆಡ್ ಎಂದರೆ ನೂರು ಹೈಡ್ ಎಂಬುದು ಬಹುಮಟ್ಟಿಗೆ ಹೊಂದುತ್ತದೆ. ದಕ್ಷಿಣದ ಜಿಲ್ಲೆಗಳಲ್ಲಿ ಕೆಲವು ಹಂಡ್ರೆಡ್‌ಗಳು ನೂರಕ್ಕಿಂತ ಬಹಳ ಕಿರಿದು, ಕೆಲವು ಹಿರಿದು. ಹೆಸರು ಎಲ್ಲೆಡೆಯೂ ಒಂದೇ. ಇನ್ನೂ ಹಿಂದಿನ ಕಾಲದ್ದೆಂದು ಭಾವಿಸಲಾಗಿರುವ ‘ಟ್ರೈಬಲ್ ಹೈಡೇಜ್’ ಎಂಬ ಪಟ್ಟಿ ನಮ್ಮ ಸಂಶೋಧಕರ ಕಣ್ಣಿಗೆ ಬೀಳಲೇಬೇಕಾದುದು. ಅದರಲ್ಲಿ ಮರ್ಸಿಯಾಕ್ಕೆ ೩೦,೦೦೦, ಕೆಂಟಿಗೆ ೧೫,೦೦೦, ವೆಸೆಕ್ಸಿಗೆ ಒಂದು ಲಕ್ಷ ಹೈಡ್‌ಗಳೆಂದೂ, ಸಣ್ಣ ಸಣ್ಣ ಕುಲಗಳಿಗೆ ೩೦೦, ೬೦೦ ಎಂದೂ ಇದೆ. ಗಂಗವಾಡಿ ೯೬,೦೦೦, ನೊಳಂಬವಾಡಿ ೩೨,೦೦೦, ಬೆಳ್ವೊಲ ೩೦೦ ಎಂಬ ಪಟ್ಟಿಯನ್ನು ಓದಿ ಅಭ್ಯಾಸವಾದವರಿಗೆ ಇದು ಪರಿಚಿತ ಧ್ವನಿಯಾಗಿ ಕೇಳಿಸುತ್ತದೆ. ಆ ಪಟ್ಟಿಯನ್ನು ಅಲ್ಲಿನ ವಿದ್ವಾಂಸರು ಮನೆಗಳ ಗಣತಿಯೆಂದು ಓದುವುದಿಲ್ಲ. ಅರಸನಿಗೆ ಸಲ್ಲಬೇಕಾದ ಕಪ್ಪದ ಅಂದಾಜೆಂದು ಓದುತ್ತಾರೆ. ವೆಸೆಕ್ಸಿನ ಒಂದು ಲಕ್ಷವಂತೂ ಉಬ್ಬಿಸಿದುದೆಂಬ ಸಂಶಯ ಅವರಲ್ಲಿ ವ್ಯಾಪಕವಾಗಿದೆ.

ಕ್ರಿ.ಶ. ೯೮ರ ಸುಮಾರಿಗೆ ರೋಮಿನ ಟ್ಯಾಸಿಟಸ್ ಜರ್ಮಾನಿಕ್ ಜನರನ್ನು ಕುರಿತು ಬರೆಯುತ್ತ, ಪ್ರತಿ ಪ್ರದೇಶದಿಂದ ನೂರು ಮಂದಿ ಯೋಧರನ್ನು ಆಯುವರೆಂದೂ, ಮೊದಲು ಬರಿಯ ಸಂಖ್ಯೆಯಾಗಿದ್ದುದು ಈಗ ಹೆಸರೂ ಗೌರವವೂ ಆಗಿದೆಯೆಂದೂ ತಿಳಿಸುತ್ತಾನೆ. ಇಂಗ್ಲಿಷ್ ಹಂಡ್ರೆಡ್ಡಿಗೂ ಟ್ಯಾಸಿಟಸನ ನೂರ್ವರಿಗೂ ನೇರ ಪರಂಪರೆ ಇದೆಯೆಂದು ಹಿಂದಿನವರು ನಂಬಿದ್ದರು, ಈಗ ಅಷ್ಟು ಧೈರ್ಯದಿಂದ ಹೇಳುವವರು ಕಡಮೆ. ಆದರೂ ಸಂಖ್ಯೆ ಹೆಸರಾಗುವ ಪ್ರಕ್ರಿಯೆಯನ್ನು ಇಷ್ಟು ಹಿಂದೆಯೇ ಒಬ್ಬನು ಗುರುತಿಸಿದನೆಂಬುದು ನಮಗೆ ಉಪಯುಕ್ತ. ಇಂಗ್ಲೆಂಡಿನಲ್ಲಿ ಈ ಪ್ರಕ್ರಿಯೆ ತನ್ನ ಕೊನೆಯನ್ನು ಮುಟ್ಟಿತು. ಅಲ್ಲಿನ ಸಂಸತ್ ಸದಸ್ಯನು ರಾಜೀನಾಮೆ ಕೊಡುವಂತಿಲ್ಲವಾದುದರಿಂದ, ‘ಚಿಲ್ಟರ್ನ್ ಹಂಡ್ರೆಡ್‌ಗಳ’ ಮೇಲ್ವಿಚಾರಕನೆಂಬ ನಾಮಮಾತ್ರದ ಹುದ್ದೆಯನ್ನು ಪಡೆದು ಸದಸ್ಯತ್ವ ಕಳೆದುಕೊಳ್ಳುವ ಉಪಾಯ ೧೭೫೧ರಿಂದ ಬಳಕೆಗೆ ಬಂದಿದೆ. ನೂರು ಹೋಯಿತು, ನೆಲವೂ ಹೋಯಿತು, ಹೆಸರು ಉಳಿಯಿತು.

ಈ ಹಿನ್ನೆಲೆಯಲ್ಲಿ ಕನ್ನಡದ ನಾಡುಗಳ ಸಂಖ್ಯೆಗಳನ್ನು ನೋಡಬೇಕು. ಅವು ಗ್ರಾಮಗಳ ಸಂಖ್ಯೆಯೆಂದೂ, ಆದಾಯದ ಮೊತ್ತವೆಂದೂ, ಸೈನ್ಯಕ್ಕೆ ಒದಗಿಸಬೇಕಾದ ಜನರೆಂದೂ ಭಿನ್ನಾಭಿಪ್ರಾಯಗಳು ನಡೆದುಬಂದಿವೆ. ಹತ್ತೊಂಬತ್ತನೆಯ ಶತಮಾನದ ಶಾಸನತಜ್ಞರು ಬೆಳ್ವೊಲ ಮುನ್ನೂಱನ್ನು ಇಂಗ್ಲಿಷಿಗೆ ತರುವಾಗ ‘ಥ್ರೀ ಹಂಡ್ರೆಡ್’ ಎಂದು ಪದಶಃ ಅನುವಾದಿಸಿದರು. ತಮ್ಮ ನಾಡಿನ ಹಂಡ್ರೆಡ್ ಅವರ ನೆನಪಿಗೆ ಬರಲಿಲ್ಲವೆಂದು ಊಹಿಸುವುದು ಕಷ್ಟ. ಆದರೆ ಆ ಹೋಲಿಕೆಯನ್ನು ಅವರು ವಿಸ್ತರಿಸಿ ಚರ್ಚಿಸಿದ್ದರೆ ನಮಗೆ ಬಹಳ ಶ್ರಮ ಉಳಿಯುತ್ತಿತ್ತು.

ನನ್ನ ಅಭಿಪ್ರಾಯದಲ್ಲಿ ಈ ಸಂಖ್ಯೆಗಳಿಗೆ ಒಂದೇ ಕೀಲಿಕೈಯನ್ನು ಹುಡುಕುವುದೇ ದೋಷ. ಆತಕೂರು ಹನ್ನೆರಡು ಎಂಬುದು ಒಂದು ಮುಖ್ಯ ಊರು, ಅದಕ್ಕೆ ಸೇರಿದ ಹಳ್ಳಿಗಳು ಎಂದು ತಿಳಿಯಲು ಅಡ್ಡಿಯಿಲ್ಲ. ಕಿಸುಕಾಡು ಎಪ್ಪತ್ತನ್ನೂ ಹಾಗೆಯೇ ಗ್ರಹಿಸಬಹುದು. ಬೆಳ್ವೊಲ, ಪುಲಿಗೆರೆಗಳ ವಿಷಯದಲ್ಲಿ ಇನ್ನೊಂದು ಸಾಕ್ಷ್ಯವಿದೆ. ಅಣ್ಣಿಗೇರಿ, ಗದಗು, ಲಕ್ಷ್ಮೇಶ್ವರಗಳ ಸುತ್ತಿನ ಈ ಎರಡು ನಾಡುಗಳನ್ನು ಒಟ್ಟಾಗಿ ಹೇಳುವಾಗ ಶಾಸನಗಳು ‘ಎರಡಱುನೂಱು’ ಎನ್ನುತ್ತವೆ. ಎರಡೂ ಸೇರಿ ಆರುನೂರು. ಮುನ್ನೂರಕ್ಕೆ ಮುನ್ನೂರನ್ನು ಕೂಡಿಸಿ ಆರುನೂರೆಂದು ಎಣಿಸಿದವರ ಮನಸ್ಸಿನಲ್ಲಿ ಆ ಸಂಖ್ಯೆಗೆ ಇನ್ನೂ ಸಂಖ್ಯೆಯ ಗುಣವಿತ್ತು. ಅದು ಕೇವಲ ಹೆಸರಾಗಿದ್ದರೆ ಕೂಡಿಸಲು ಬರುತ್ತಿರಲಿಲ್ಲ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಪುಲಿಗೆರೆಯೂ ಒಂದು ಎಂಬುದನ್ನು ಇಲ್ಲಿ ಸ್ಮರಿಸಬಹುದು. ಆಡಳಿತವು ಬಹುಕಾಲದಿಂದ ನೆಲೆನಿಂತು, ಎಣಿಕೆಗೆ ಸಿಕ್ಕಿದ ಪ್ರದೇಶವದು.

ದೊಡ್ಡ ಸಂಖ್ಯೆಗಳ ಮಾತು ಬೇರೆ. ೨೦೧೧ರ ಜನಗಣತಿಯಂತೆ ಇಡೀ ಕರ್ನಾಟಕ ರಾಜ್ಯದ ಗ್ರಾಮಗಳ ಸಂಖ್ಯೆ ಮೂವತ್ತು ಸಾವಿರಕ್ಕಿಂತ ಕಡಮೆ. ಗಂಗವಾಡಿಯು ಅದರ ದಕ್ಷಿಣದ ಒಂದು ಭಾಗ. ಹತ್ತನೆಯ ಶತಮಾನದಲ್ಲಿ ಅಲ್ಲಿ ತೊಂಬತ್ತಾರು ಸಾವಿರ ಹಳ್ಳಿಗಳಿದ್ದವೆಂದು ಒಪ್ಪುವುದು ಅಸಾಧ್ಯ. ಚೋಳರ ಪ್ರಶಸ್ತಿಗಳು ರಾಷ್ಟ್ರಕೂಟ ಚಾಲುಕ್ಯರ ನೆಲವನ್ನು ‘ಇರಟ್ಟಪಾಡಿ ಏಳೂವರೆ ಲಕ್ಷ’ ಎಂದು ಕರೆಯುತ್ತವೆ. ಅದೇ ಜನಗಣತಿಯಂತೆ ಇಡೀ ಭಾರತದ ಗ್ರಾಮಗಳು ಸುಮಾರು ಆರು ಲಕ್ಷ ನಲವತ್ತು ಸಾವಿರ. ಹೀಗಿರುವಾಗ ಏಳೂವರೆ ಲಕ್ಷವು ಊರುಗಳ ಲೆಕ್ಕವಾಗಲಾರದು. ಆದಾಯದ್ದೋ ಬೆಳೆಯದ್ದೋ ಅಂದಾಜಾಗಿರಬಹುದು, ಅಥವಾ ಗೆದ್ದವನ ಹೆಮ್ಮೆಗೆ ತಕ್ಕ ಪದವಾಗಿರಬಹುದು. ಆದುದರಿಂದ ಪ್ರಾಚೀನ ಕರ್ನಾಟಕದ ಜನಸಂಖ್ಯೆಯನ್ನೋ ಗ್ರಾಮಸಾಂದ್ರತೆಯನ್ನೋ ಈ ಸಂಖ್ಯೆಗಳ ಗುಣಾಕಾರದಿಂದ ತೆಗೆಯುವ ಪ್ರಯತ್ನಗಳು ನಿಲ್ಲಲಾರವು. ಹನ್ನೆರಡರಿಂದ ಮುನ್ನೂರರವರೆಗೆ ಒಂದು ಬಗೆಯ ಎಣಿಕೆ, ಸಾಸಿರಗಳಿಂದ ಮೇಲಕ್ಕೆ ಇನ್ನೊಂದು ಬಗೆಯದು. ನೂರು ಅಚ್ಚ ದೇಸಿ ಪದ, ಸಾಸಿರ ತದ್ಭವ ಎಂಬ ಭಾಷಿಕ ಗಡಿಯೂ ಸುಮಾರಾಗಿ ಇಲ್ಲಿಯೇ ಹಾದುಹೋಗುತ್ತದೆ. ಇದರಿಂದ ನಿರ್ಣಯವನ್ನು ಮಾಡಲಾಗದು, ಆದರೆ ಊರವರ ಎಣಿಕೆ ಎಲ್ಲಿ ಮುಗಿಯಿತು, ಅರಮನೆಯ ಎಣಿಕೆ ಎಲ್ಲಿ ಆರಂಭವಾಯಿತು ಎಂಬುದನ್ನು ವಿಚಾರಿಸಲು ಅದು ಒಂದು ಸೂಚನೆ.

ತಿರುವೊಟ್ಟಿಯೂರು ಸೇರಿದ್ದ ತೊಂಡೈಮಂಡಲದಲ್ಲಿ ಈ ಸಮಸ್ಯೆ ಏಳುವುದಿಲ್ಲ. ಅಲ್ಲಿನ ವಿಭಾಗಗಳು ಕೋಟ್ಟಂ ಮತ್ತು ನಾಡು. ತಿರುವೊಟ್ಟಿಯೂರು ಪು‍ೞಲ್ ಕೋಟ್ಟಂಗೆ ಸೇರಿದುದು. ಅವುಗಳ ಹೆಸರಿಗೆ ಸಂಖ್ಯೆ ಅಂಟಿಲ್ಲ. ರಾಷ್ಟ್ರಕೂಟರು ಈ ಭಾಗವನ್ನು ಆಳಿದಾಗಲೂ ತಮ್ಮ ಸಂಖ್ಯಾನಾಮದ ಪದ್ಧತಿಯನ್ನು ಇಲ್ಲಿಗೆ ತರಲಿಲ್ಲವೆಂಬುದು ಗಮನಾರ್ಹ. ಸ್ಥಳೀಯ ವಿಭಾಗಗಳೂ ಸಭೆಗಳೂ ಹಾಗೆಯೇ ಮುಂದುವರಿದವು. ತಮಿಳುನಾಡಿನಲ್ಲಿ ಸಂಖ್ಯೆ ಹೆಸರಾದುದು ನೆಲಕ್ಕಲ್ಲ, ಜನಸಮೂಹಕ್ಕೆ. ಚಿದಂಬರದ ದೀಕ್ಷಿತರನ್ನು ‘ತಿಲ್ಲೈ ಮೂವಾಯಿರವರ್’ ಎನ್ನುತ್ತಾರೆ. ಇಂದು ಅವರ ಸಂಖ್ಯೆ ಮೂರು ಸಾವಿರದ ಹತ್ತಿರಕ್ಕೂ ಬಾರದು, ಹೆಸರಿಗೆ ಅದರಿಂದ ಕುಂದಿಲ್ಲ.

ಜನಸಮೂಹದ ಹೆಸರಾದ ನೂರುಗಳಲ್ಲಿ ಅತ್ಯಂತ ದೂರ ಸಂಚರಿಸಿದುದು ಕನ್ನಡದ್ದೇ. ಐಹೊಳೆಯ ಲಾಡ್‌ಖಾನ್ ಗುಡಿಯ ಶಾಸನದ ಕಾಲದಿಂದ ಕಾಣಿಸಿಕೊಳ್ಳುವ ‘ಐನೂರ್ವರು’ ಮುಂದೆ ‘ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳು’ ಎಂಬ ವಣಿಕ್ ಸಂಘವಾಗಿ, ತಮಿಳಿನಲ್ಲಿ ‘ತಿಸೈ ಆಯಿರತ್ತು ಐಞ್ಞೂಱ್ಱುವರ್’ ಆಗಿ, ಶಕ ೧೦೧೦ರ (ಕ್ರಿ.ಶ. ೧೦೮೮) ತಮಿಳು ಶಾಸನದ ಮೂಲಕ ಸುಮಾತ್ರಾದ ಬಾರುಸಿನ ಬಳಿಯ ಲೋಬು ತುವಾಕ್ಕೆ ಮುಟ್ಟಿತು. ತಿರುವೊಟ್ಟಿಯೂರಿನಿಂದ ಉತ್ತರಕ್ಕೆ, ಪೊನ್ನೇರಿ ತಾಲ್ಲೂಕಿನ ಕಾಟ್ಟೂರಿನ ಶಾಸನವು ‘ಅಯ್ಯಪೊೞಿಲ್’ ಎಂಬುದು ವೀರಪಟ್ಟಣವಾದುದನ್ನು ತಿಳಿಸುತ್ತದೆ. ಅಯ್ಯಾವೊಳೆಯ ಹೆಸರು ಈ ಕಡಲಂಚಿನಲ್ಲಿಯೂ ಒಂದು ಊರಿಗೆ ಬಂದು ಕುಳಿತಿತ್ತು. ಅನೇಕ ಶತಮಾನಗಳ ಕಾಲ, ನೂರಾರು ಪಟ್ಟಣಗಳಲ್ಲಿ ವ್ಯವಹರಿಸಿದ ಈ ಸಂಘದಲ್ಲಿ ಎಂದಿಗೂ ಐನೂರೇ ಮಂದಿ ಇದ್ದಿರಲಾರರು. ‘ಸಾವಿರ ದಿಕ್ಕಿನ ಐನೂರ್ವರು’ ಎಂಬ ತಮಿಳು ಹೆಸರಿನಲ್ಲಿ ಎರಡು ಸಂಖ್ಯೆಗಳಿದ್ದು ಎರಡೂ ಎಣಿಕೆಯನ್ನು ಬಿಟ್ಟುಕೊಟ್ಟಿವೆ.

ಚತುರಾನನನ ನೂರು ನಿಷ್ಕಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದು ಸಭೆಯವರ ಕೈಯಲ್ಲಿರುವ ಅಸಲು. ಅದರ ಬಡ್ಡಿಯಿಂದ ಧನಿಷ್ಠೆಯ ಪೂಜೆ ನಡೆಯಬೇಕು. ಒಂದು ನಿಷ್ಕ ಕಡಮೆಯಾದರೂ ದತ್ತಿ ಕೆಡುತ್ತದೆ. ಪದ್ಯಶಾಸನದಲ್ಲಿ ರಾಜಾದಿತ್ಯನ ಪರಾಕ್ರಮ, ಚತುರಾನನನ ವೈರಾಗ್ಯ ಎಲ್ಲವೂ ಕಾವ್ಯದ ಅಲಂಕಾರವನ್ನು ಪಡೆದಿವೆ. ಚಿನ್ನದ ಲೆಕ್ಕ ಮಾತ್ರ ಪಡೆದಿಲ್ಲ. ಊರಿನ ಹೆಸರೂ ಇದಕ್ಕೆ ಒಪ್ಪುವಂತಿದೆ. ತಮಿಳಿನ ‘ಒಱ್ಱಿ’ ಎಂದರೆ ಅಡವು. ಕನ್ನಡದ ‘ಒತ್ತೆ’ ಅದರ ಸೋದರಪದ. ತಮಿಳಿನ ಸುಱ್ಱು, ಪಱ್ಱು ಕನ್ನಡದಲ್ಲಿ ಸುತ್ತು, ಪತ್ತು ಆಗುವಂತೆಯೇ ಒಱ್ಱಿಯು ಒತ್ತೆಯಾಗಿದೆ. ಸಂಸ್ಕೃತದ ‘ಆಧಿಪುರಿ’ಯೂ ಅಡವಿನ ಊರೆಂಬ ಅರ್ಥದ್ದೇ, ಮುಂದೆ ಅದನ್ನು ‘ಆದಿಪುರಿ’ ಎಂದು ತಿರುಗಿಸಿ ಆದ್ಯಕ್ಷೇತ್ರವೆಂಬ ಮಹಿಮೆಯನ್ನು ಸೇರಿಸಿದರು. ಸ್ಥಳಪುರಾಣ ಏನೇ ಹೇಳಲಿ, ಒತ್ತೆಯ ಊರಿನಲ್ಲಿ ನೂರೆಂದರೆ ನೂರೇ.

ಆದ್ದರಿಂದ ಶಾಸನದಲ್ಲಿ ನೂರು ಬಂದಾಗ ಅದು ಚಿನ್ನದ ಜೊತೆ ಬಂದಿದೆಯೆ, ಆಡಿನ ಜೊತೆ ಬಂದಿದೆಯೆ, ನಾಡಿನ ಜೊತೆ ಬಂದಿದೆಯೆ, ಜನದ ಜೊತೆ ಬಂದಿದೆಯೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ. ಹೊರರಾಜ್ಯಗಳಲ್ಲಿರುವ ಸಂಶೋಧಕರಿಗೆ ಇದರಲ್ಲಿ ಒಂದು ವಿಶೇಷ ಅನುಕೂಲವಿದೆ. ಕನ್ನಡ ಅರಸರ ಆಳ್ವಿಕೆಯ ತಮಿಳು, ತೆಲುಗು ಶಾಸನಗಳಲ್ಲಿ ಕನ್ನಡದ ಸಂಖ್ಯಾನಾಮಗಳು ಹೇಗೆ ಅನುವಾದಗೊಂಡಿವೆ, ಎಲ್ಲಿ ಸಂಖ್ಯೆಯನ್ನು ಉಳಿಸಿಕೊಂಡಿವೆ, ಎಲ್ಲಿ ಕೈಬಿಟ್ಟಿವೆ ಎಂಬುದನ್ನು ಸಂಗ್ರಹಿಸಬಹುದು. ಚೋಳ ಪ್ರಶಸ್ತಿಗಳು ಗಂಗಪಾಡಿ, ನುಳಂಬಪಾಡಿಗಳನ್ನು ಸಂಖ್ಯೆಯಿಲ್ಲದೆ ಹೇಳಿ, ಇರಟ್ಟಪಾಡಿಗೆ ಮಾತ್ರ ಏಳೂವರೆ ಲಕ್ಷವನ್ನು ಅಂಟಿಸುತ್ತವೆ. ಈ ಆಯ್ಕೆಗೆ ಕಾರಣವೇನೆಂಬುದು ಇಂತಹ ಸಂಗ್ರಹದಿಂದ ಮಾತ್ರ ತಿಳಿಯಬೇಕಾದುದು.